ಇಪ್ಪತ್ತು ಹೆಜ್ಜೆ ಸಾಕೆಂದವರಿಗೆ ಸುಣ್ಣದಮ್ಮನ ಉತ್ತರ

ಬೆಳಗಿನ ಐದೂವರೆ. ಶಾಲೆಯ ಮೈದಾನದಲ್ಲಿ ಹೆಂಗಸೊಬ್ಬರು ಸೊಂಟ ಬಗ್ಗಿಸಿ ಹಿಮ್ಮುಖವಾಗಿ ನಡೆಯುತ್ತಿದ್ದಾರೆ. ಕೈಯಲ್ಲಿ ತಳಕ್ಕೆ ತೂತು ಕೊರೆದ ಡಬ್ಬಿ. ಅದರಿಂದ ಸುರಿಯುವ ಸುಣ್ಣದ ಪುಡಿ ಇನ್ನೂರು ಮೀಟರಿನ ಓಟದ ಗೆರೆಯಾಗುತ್ತಿದೆ. ಇದು ಮುಗಿದ ಮೇಲೆ ಹನ್ನೆರಡು ಕೋಣೆ ಗುಡಿಸಬೇಕು, ನೀರಿನ ತೊಟ್ಟಿ ತೊಳೆಯಬೇಕು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಆಯಾ ಆಗಿರುವ ಇವರಿಗೆ ಮಕ್ಕಳಿಟ್ಟ ಹೆಸರು ಸುಣ್ಣದಮ್ಮ. ಅಂಗೈ ಬಿರುಕು ಬಿಟ್ಟಿದೆ, ಮಂಡಿ ಮಾತು ಕೇಳುವುದಿಲ್ಲ. ಅವರ ಸಿಟ್ಟು ಮಾತ್ರ ಅದರ ಮೇಲಲ್ಲ.

"ಮೊದಲು ಸಂಜೆ ಹೊತ್ತಿಗೆ ಗೆರೆ ಉಳೀತಿರಲಿಲ್ಲ. ಮಕ್ಕಳು ತುಳಿದು ತುಳಿದು ಅಳಿಸ್ತಿದ್ವು. ಈ ವರ್ಷ ಒಂದು ಸಲ ಹಾಕಿದ್ದು ನಾಲ್ಕು ದಿನ ಹಾಗೇ ಇರುತ್ತೆ. ನೋಡಿದ್ರೆ ಮೈ ಉರಿಯುತ್ತೆ."

ಏಳನೇ ತರಗತಿಯ ಮಕ್ಕಳು ಹಿಂದೆ ಐದು ಸುತ್ತು ಓಡಿಯೂ ಹರಟುತ್ತಿದ್ದರು. ಈಗ ಎರಡಕ್ಕೇ ಪಕ್ಕೆ ಹಿಡಿದು ಕೂರುತ್ತಾರೆ. ಸುಣ್ಣದಮ್ಮನ ಮೊಮ್ಮಗಳೂ ಅದೇ ತರಗತಿ. ತಾಯಿ ಕಾರ್ಖಾನೆಯ ಪಾಳಿಗೆ ಹೋಗುವುದರಿಂದ ಹುಡುಗಿ ಅಜ್ಜಿಯ ಬಳಿಯೇ ಬೆಳೆದವಳು. ಹೋದ ವರ್ಷ ಓಟದಲ್ಲಿ ಮೊದಲು, ಗಣಿತದಲ್ಲಿ ಎಂಬತ್ತಾರು. ಈ ವರ್ಷ ಅರ್ಧ ಸುತ್ತಿಗೇ ಏದುಸಿರು, ಗಣಿತದಲ್ಲಿ ಮೂವತ್ತೊಂದು. ಈ ವರ್ಷದಿಂದ ಹೋಂವರ್ಕನ್ನು ಫೋನಿಗೆ ಕಳಿಸುತ್ತೇವೆಂದು ಶಾಲೆಯೇ ಮಕ್ಕಳಿಗೆ ಫೋನು ಕೊಡಿಸಲು ಹೇಳಿತ್ತು.

"ಹೋಂವರ್ಕು ಫೋನಿಗೇ ಕಳಿಸ್ತಾರಜ್ಜಿ ಅಂದ್ಲು. ಓದೋಕೆ ಬರದ ನಾನು ನಂಬಿದೆ. ಮಗ್ಗುಲಾಗಿ ಮಲ್ಕೊಂಡು ಬೆರಳು ಆಡಿಸ್ತಿದ್ರೆ, ಪಾಪ ಎಷ್ಟು ಓದುತ್ತೆ ಕೂಸು ಅಂತ ಹಾಲು ಕಾಯಿಸಿ ಕೊಟ್ಟೆ. ನೋಡ್ತಿದ್ದದ್ದು ಯಾರ್ಯಾರೋ ಕುಣಿಯೋದನ್ನ."

ಅಂಕ ಕುಸಿದಾಗ ಶಾಲೆ ಕಂಡುಕೊಂಡ ಮದ್ದೇನು ಗೊತ್ತೇ? ಆಟದ ಪೀರಿಯಡ್ ರದ್ದು, ಅದರ ಜಾಗದಲ್ಲಿ ಗಣಿತ. ಫೋನಿನ ತಂಟೆಗೆ ಯಾರೂ ಹೋಗಲಿಲ್ಲ. ಸಾಲದ್ದಕ್ಕೆ, ಮಕ್ಕಳು ಗಟ್ಟಿಮುಟ್ಟಾಗಿದ್ದಾರೆಂದು ತೋರಿಸಲು ಶಾಲೆಯ ಪೇಜಿಗೆ ಓಟದ ವಿಡಿಯೋ ಬೇಕಾಯಿತು. ಕ್ಯಾಮೆರಾಕ್ಕೆ ಕಾಣುವಷ್ಟು, ಇಪ್ಪತ್ತು ಹೆಜ್ಜೆ ಗೆರೆ ಹಾಕಿದರೆ ಸಾಕು ಎಂದರು ಮುಖ್ಯೋಪಾಧ್ಯಾಯರು. ಮಕ್ಕಳು ಇಪ್ಪತ್ತು ಹೆಜ್ಜೆ ಓಡಿದರು, ನಿಂತರು, ಎಷ್ಟು ಲೈಕು ಬಂತೆಂದು ಫೋನಿಗೆ ಮುತ್ತಿಕೊಂಡರು. ಇಂಥ ನಾಚಿಕೆಗೇಡಿಗೆ ಮುನ್ನೂರು ಜನ ಭೇಷ್ ಎಂದಿದ್ದಾರೆ.

ಸುಣ್ಣದಮ್ಮ ಕೈಯಲ್ಲಿದ್ದ ಡಬ್ಬಿಯ ಸಮೇತ ಮುಖ್ಯೋಪಾಧ್ಯಾಯರ ಕೋಣೆಗೆ ನುಗ್ಗಿದರು. ಆಟದ ಪೀರಿಯಡ್ ವಾಪಸ್ ಕೊಡಿ ಎಂದು ಕೇಳಿದರು.

"ಮಾರ್ಕ್ಸ್ ಬರದಿದ್ರೆ ನೀವು ಜವಾಬ್ದಾರಿನಾ ಅಂದ್ರು. ಹೂಂ ಸಾರ್, ನಾನೇ. ಮಕ್ಕಳ ಕೈಗೆ ಫೋನ್ ಕೊಡ್ಸಿದ್ದಕ್ಕೆ ಯಾರು ಜವಾಬ್ದಾರಿ, ನೀವೇ ಹೇಳಿ ಅಂದೆ."

ಪೀರಿಯಡ್ಡಂತೂ ವಾಪಸ್ ಸಿಗಲಿಲ್ಲ. ಗಂಟೆ ಹೊಡೆಯುವ ಮುಂಚೆ ಅರ್ಧ ತಾಸು ಬೇಕಾದರೆ ಓಡಿಸಿಕೊಳ್ಳಿ, ಪರೀಕ್ಷೆಯವರೆಗೆ ನೋಡೋಣ ಎಂಬ ಅಪ್ಪಣೆಯಷ್ಟೇ ದಕ್ಕಿತು.

ನಿನ್ನೆ ಮೊದಲ ದಿನ. ಏಳನೇ ತರಗತಿಯ ನಲವತ್ತೆರಡು ಮಕ್ಕಳಲ್ಲಿ ಬಂದವರು ಒಂಬತ್ತು. ಮುಖ ಊದಿಸಿಕೊಂಡು ಬಂದ ಮೊಮ್ಮಗಳು ಮೂರು ಸಲ ನಿಂತು, ಅಜ್ಜಿಯನ್ನು ಬೈದುಕೊಳ್ಳುತ್ತಲೇ ಎರಡು ಸುತ್ತು ಮುಗಿಸಿದಳು.

"ರಾತ್ರಿ ಊಟ ಮಾಡಿ ಕೈ ತೊಳೆದವಳು ಎಂಟೂವರೆಗೇ ನಿದ್ದೆ ಹೋದ್ಲು," ಎನ್ನುತ್ತಾರೆ ಸುಣ್ಣದಮ್ಮ, ಸೆರಗಿಂದ ಮುಖ ಒರೆಸಿಕೊಳ್ಳುತ್ತ. "ಪಕ್ಕದಲ್ಲಿ ಫೋನು ಟಿಣ್ ಟಿಣ್ ಅಂತ ಬಡ್ಕೊಳ್ತಾನೇ ಇತ್ತು. ಕೂಸು ಏಳಲೇ ಇಲ್ಲ."