ದಕ್ಕೆಯಲ್ಲಿ ಕೇಳಬಾರದ ಪ್ರಶ್ನೆ

ಬೆಳಿಗ್ಗೆ ಐದೂ ಮುಕ್ಕಾಲು. ಆಶಾ ಕಾರ್ಯಕರ್ತೆ ಗಂಗಾ ಅಂಬಿಗ ದೋಣಿ ನಿಲ್ಲುವ ದಕ್ಕೆಗೆ ಬಂದಿದ್ದಾರೆ. ಟ್ಯಾಬ್ ಮಾತ್ರ ಚೀಲದಿಂದ ತೆಗೆದಿಲ್ಲ.

ಸಮುದ್ರದ ಇಳಿತಕ್ಕೆ ಅಘನಾಶಿನಿ ಹೊಳೆಯ ನೀರೂ ಇಳಿಯತೊಡಗಿದೆ. ಕುಮಟಾ ತಾಲ್ಲೂಕಿನ ಈ ದಂಡೆಯ ಕೇರಿಯಿಂದ ಎಂಟು ಹೆಂಗಸರು ಬುಟ್ಟಿ ಹಿಡಿದು ದೋಣಿ ಹತ್ತುತ್ತಿದ್ದಾರೆ. ಇಳಿತ ಮುಗಿಯುವ ತನಕ ಸೊಂಟದುದ್ದ ನೀರಿನಲ್ಲಿ ನಿಂತು ಬಳಚು, ಅಂದರೆ ಹೊಳೆಯ ಚಿಪ್ಪು, ಹೆಕ್ಕುವುದು ಅವರ ಕೆಲಸ.

"ಏ ಗಂಗೆ, ನಿನ್ನ ಟ್ಯಾಬು ಇವತ್ತೂ ಬಾಯಿ ಬಿಡೂದಿಲ್ವೆ?" ಎಂದು ದೋಣಿಯ ಹಿರಿಯಳಾದ ನಾಗಮ್ಮ ಕೆಣಕುತ್ತಾರೆ.

"ಅದಕ್ಕೂ ಸೊಂಟ ನೋವು ಮಾರಾಯ್ತಿ. ಮಲ್ಕೊಂಡದೆ."

ದೋಣಿ ನಗುತ್ತದೆ. ಗಂಗಾ ನೋಡುತ್ತಿರುವುದು ಕೊನೆಯಲ್ಲಿ ಹತ್ತುತ್ತಿರುವ ಲಕ್ಕಿಯನ್ನು. ಲಕ್ಕಿಯ ಎಡಗಾಲಿನ ಬೆರಳು ದೋಣಿಯ ಅಂಚಿಗೆ ಬಡಿಯುತ್ತದೆ. ಅವರು ಬಗ್ಗಿ, ಸೀರೆ ಸರಿಮಾಡುವವರಂತೆ, ಕಾಲನ್ನು ಕೈಯಿಂದ ಎತ್ತಿ ಒಳಗೆ ಇಟ್ಟುಕೊಳ್ಳುತ್ತಾರೆ. ಬೇರೆ ಯಾರೂ ಗಮನಿಸಿಲ್ಲ. ಗಮನಿಸಿದರೆ ಏನಾಗುತ್ತದೆ ಎಂಬುದು ಲಕ್ಕಿಗೆ ಗೊತ್ತು, ಗಂಗಾಗೂ ಗೊತ್ತು.

ಇಲ್ಲಿ ಬಳಚನ್ನು ಹುಡುಕುವುದು ಕಣ್ಣಲ್ಲ, ಅಂಗಾಲು. ಕೆಸರಿನ ಒಳಗೆ ಪಾದ ಆಡಿಸುತ್ತ ಹೋಗಬೇಕು. ಚಿಪ್ಪಿನ ಬೆನ್ನು ತಾಗಿದ ಕಡೆ ಮುಳುಗಿ ತೆಗೆಯಬೇಕು. ಸಿಕ್ಕಿದ್ದು ದೋಣಿಯ ಎಲ್ಲರಿಗೂ ಸಮಪಾಲು. ಹಾಗಾಗಿ ಪಾದ ಮರಗಟ್ಟಿದವಳನ್ನು ದೋಣಿ ಹತ್ತಿಸಿಕೊಳ್ಳುವುದಿಲ್ಲ. "ಅವಳ ಅಂಗಾಲು ಕುರುಡಾತು" ಎಂಬ ಮಾತು ಒಮ್ಮೆ ದಕ್ಕೆಯಲ್ಲಿ ಬಿದ್ದರೆ, ಮರುದಿನ ಆ ಜಾಗದಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ.

ಗಂಗಾ ಹುಟ್ಟಿದ್ದು ಹೊನ್ನಾವರ ತಾಲ್ಲೂಕಿನ ಮಂಕಿಯಲ್ಲಿ. ಮದುವೆಯಾಗಿ ಈ ಕೇರಿಗೆ ಬಂದ ಮೇಲೆ ಅವರೂ ಕೆಲವು ವರ್ಷ ಇದೇ ಹೊಳೆಯಲ್ಲಿ ನಿಂತವರು. ಎರಡನೇ ಹೆರಿಗೆಯ ನಂತರ ಸೊಂಟ ಕೈಕೊಟ್ಟಿತು, ಆಶಾ ಕೆಲಸ ಸಿಕ್ಕಿತು. ಕಳೆದ ವರ್ಷ ಆರೋಗ್ಯ ಕೇಂದ್ರದಿಂದ ಟ್ಯಾಬ್ ಬಂತು. ಅದರಲ್ಲಿ ಮೂರು ತಿಂಗಳಿಗಿಂತ ಹಳೆಯದಾದ ನೋವಿಗೆ ದಾರಿ ತೋರಿಸುವ ಒಂದು ಆ್ಯಪ್ ಇದೆ. ಪ್ರಶ್ನೆ ಕೇಳಿ ಉತ್ತರ ಒತ್ತಿದರೆ ಅದು ಬಣ್ಣ ಹೇಳುತ್ತದೆ. ಹಸಿರು ಬಂದರೆ ವ್ಯಾಯಾಮ, ಮಾತ್ರೆ. ಹಳದಿಗೆ ಡಾಕ್ಟರು. ಕೆಂಪಾದರೆ ಸರದಿ ಕಾಯುವಂತಿಲ್ಲ, ಅದೇ ವಾರ ತಜ್ಞರ ಮುಂದೆ.

ಆ್ಯಪ್ ಕೆಟ್ಟದ್ದು ಎಂದು ಗಂಗಾ ಹೇಳುವುದಿಲ್ಲ. "ಮುಂಚೆ ಸೊಂಟ ನೋವು ಅಂದ್ರೆ ಒಂದು ಸೂಜಿ, ಆತು, ಮನೆಗೆ ಹೋಗು. ಈಗ ಕೇಳ್ತದಾದ್ರೂ," ಎನ್ನುತ್ತಾರೆ. ತೆಂಗಿನ ಮರ ಹತ್ತುವ ಈರನಿಗೆ ಕೆಂಪು ಬಂದು, ಬೆನ್ನುಹುರಿಯ ಗಂಟು ಸಮಯಕ್ಕೆ ಸರಿಯಾಗಿ ಪತ್ತೆಯಾದದ್ದು ಇದರಿಂದಲೇ. ಆ್ಯಪ್ ಮಾಡಿದ ಸಂಸ್ಥೆಯ ಹೆಸರನ್ನೂ ಆರೋಗ್ಯ ಕೇಂದ್ರದ ಹೆಸರನ್ನೂ ಬರೆಯಬೇಡಿ ಎಂದು ಗಂಗಾ ಕೇಳಿಕೊಂಡಿದ್ದಾರೆ. ಕೆಲಸ ಉಳಿಯಬೇಕು.

ಮೊದಮೊದಲು ಗಂಗಾ ಟ್ಯಾಬ್ ತೆರೆಯುತ್ತಿದ್ದದ್ದು ದಕ್ಕೆಯಲ್ಲೇ. ಎಲ್ಲರೂ ಒಂದೇ ಕಡೆ ಸಿಗುತ್ತಿದ್ದರು, ದೋಣಿ ಬಿಡುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಹಾಗೊಂದು ಬೆಳಿಗ್ಗೆ, ದೀಪಾವಳಿ ಕಳೆದ ವಾರ, ಹಳೆಯ ಸೊಂಟ ನೋವಿನ, ಲಕ್ಕಿಯ ಅತ್ತೆ ತಿಮ್ಮಕ್ಕನ ಸರದಿ. ಕಾಲಿನಲ್ಲಿ ಮರಗಟ್ಟಿದ ಹಾಗೆ ಆಗುತ್ತದೆಯೇ ಎಂದು ಟ್ಯಾಬ್ ನೋಡಿ ಗಂಗಾ ಓದಿದರು. ಏಳು ಜನ ಕೇಳಿಸಿಕೊಳ್ಳುತ್ತಿದ್ದರು.

"ನನ್ನ ಅಂಗಾಲಿಗೆ ಹೊಳೆ ತಳದ ಸಾಸಿವೆನೂ ಗೊತ್ತಾಗ್ತದೆ. ಬರ್ಕೊ," ಎಂದರು ತಿಮ್ಮಕ್ಕ. ಎಲ್ಲರೂ ನಕ್ಕರು. ಗಂಗಾ 'ಇಲ್ಲ' ಒತ್ತಿದರು. ಹಸಿರು ಬಂತು.

ಎರಡು ತಿಂಗಳ ಮೇಲೆ ಗಂಗಾ ಮಗುವಿನ ಲಸಿಕೆಯ ವಿಚಾರಕ್ಕೆ ಆ ಮನೆಗೆ ಹೋದಾಗ ಜಗಲಿಯ ಮೇಲೆ ರಕ್ತದ ಹೆಜ್ಜೆಗಳಿದ್ದವು. ಒಳಗೆ ತಿಮ್ಮಕ್ಕ ಮೀನು ಹೆಚ್ಚುತ್ತಿದ್ದರು. ಅಂಗಾಲಿನಲ್ಲಿ ಚಿಪ್ಪಿನ ಚೂರು ಹೊಕ್ಕಿತ್ತು. ಅವರಿಗೆ ಗೊತ್ತೇ ಇರಲಿಲ್ಲ. ಗಂಗಾ ಅಲ್ಲೇ ಕೂತು ಪ್ರಶ್ನೆಗಳನ್ನು ಮತ್ತೆ ಕೇಳಿ, ಈ ಸಲ 'ಹೌದು' ಒತ್ತಿದರು. ಹಿಂದಿನ ಉತ್ತರಕ್ಕೂ ಇದಕ್ಕೂ ಹೊಂದುವುದಿಲ್ಲ, ಮೇಲ್ವಿಚಾರಕರ ಒಪ್ಪಿಗೆ ಬೇಕು ಎಂದಿತು ಆ್ಯಪ್. ಆ ಒಪ್ಪಿಗೆ ಬರಲೇ ಇಲ್ಲ. ವೈದ್ಯಾಧಿಕಾರಿ ಡಾ. ಗುರುದತ್ತ ಸ್ವತಃ ನೋಡಿ ಚೀಟಿ ಬರೆದುಕೊಟ್ಟರೂ ಆ್ಯಪಿನಲ್ಲಿ ಬಣ್ಣ ಹಸಿರೇ ಇದ್ದುದರಿಂದ ತಿಮ್ಮಕ್ಕ ಎಲ್ಲರ ಜೊತೆ ಸರದಿಯಲ್ಲಿ ನಿಂತರು. ಸೊಂಟದಲ್ಲಿ ಒತ್ತಿಹೋಗಿದ್ದ ನರಕ್ಕೆ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಗುವಾಗ ಮತ್ತೂ ಒಂದು ತಿಂಗಳು ಕಳೆದಿತ್ತು. ನೋವು ಹೋಯಿತು. ಪಾದದ ಸ್ಪರ್ಶ ಮರಳಲಿಲ್ಲ. ದೋಣಿಯಲ್ಲಿ ಅವರ ಜಾಗಕ್ಕೆ ಸೊಸೆ ಲಕ್ಕಿ ಬಂದರು.

ಡಾ. ಗುರುದತ್ತ ಮಾತು ತೇಲಿಸುವವರಲ್ಲ. "ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಸುಳ್ಳಾದರೆ ಯಾವ ಯಂತ್ರವೂ ಏನೂ ಮಾಡಲಾರದು. ನಾನು ಕೇಳಿದ್ದರೂ ದಕ್ಕೆಯಲ್ಲಿ ಅದೇ ಉತ್ತರ ಬರುತ್ತಿತ್ತು," ಎನ್ನುತ್ತಾರೆ.

ಅಂದಿನಿಂದ ಗಂಗಾ ದಕ್ಕೆಯಲ್ಲಿ ಕೇಳುವುದಿಲ್ಲ, ನಡೆಯುವ ಕಾಲುಗಳನ್ನು ನೋಡುತ್ತಾರೆ ಅಷ್ಟೆ. ಹೆಂಗಸರು ಹೊಳೆಯಿಂದ ಬಂದು, ಬಳಚು ಬೇಯಿಸಿ, ಮಾಂಸ ಬಿಡಿಸಿ ಮುಗಿಸಿದ ಮೇಲೆ ಒಬ್ಬೊಬ್ಬರ ಮನೆಗೇ ಹೋಗುತ್ತಾರೆ. ಇಳಿತ ದಿನಕ್ಕೊಂದು ಹೊತ್ತಿಗೆ. ಅದರ ಹಿಂದೆ ಗಂಗಾರ ಊಟದ ಹೊತ್ತೂ ಜಾರುತ್ತದೆ. ದಕ್ಕೆಯಲ್ಲಿ ಅರ್ಧ ಗಂಟೆಗೆ ಎಂಟು ಜನ ಮುಗಿಯುತ್ತಿದ್ದರು, ಈಗ ದಿನಕ್ಕೆ ಮೂವರಾದರೆ ಹೆಚ್ಚು. ತಿಂಗಳ ಸಭೆಯಲ್ಲಿ ಯಾರು ಎಷ್ಟು ಜನರನ್ನು ಕೇಳಿದರು ಎಂದು ಗೋಡೆಯ ಮೇಲೆ ಮೂಡುವ ಪಟ್ಟಿಯಲ್ಲಿ ಗಂಗಾರ ಹೆಸರು ತಳದಲ್ಲಿರುತ್ತದೆ. ಮೇಲಿನ ಹೆಸರಿನವರಿಗೆ ಚಪ್ಪಾಳೆ. ಅವರು ಕೇಳುವುದು ಈಗಲೂ ಗುಂಪಿನಲ್ಲೇ, ಅವರ ಊರೆಲ್ಲ ಹಸಿರು.

"ನಿಮ್ಮ ಕೇರಿಲೇ ಎಂತ ಇಷ್ಟು ಕೆಂಪು, ನೀವೇ ಹೇಳಿಕೊಡ್ತೀರಾ ಅಂತ ಮೇಲ್ವಿಚಾರಕರು ಕೇಳಿದ್ರು," ಎನ್ನುತ್ತಾರೆ ಗಂಗಾ. "ನಾ ಹೇಳಿದೆ, ಹೇಳಿಕೊಡೂದಿಲ್ಲ ಸರ್, ಬಾಗಿಲು ಹಾಕ್ತೆ." ಸಭೆಯಲ್ಲಿ ಯಾರೋ ನಕ್ಕರಂತೆ. ನಂತರ ಚಹಾ ಕೊಟ್ಟರಂತೆ.

ಏನು ಬೇಕು ಎಂದು ಕೇಳಿದರೆ ಅವರ ಬೇಡಿಕೆ ಸಣ್ಣದು. "ಒಂದು ಕೋಣೆ. ಕುರ್ಚಿನೂ ಬೇಡ. ಕೇಳೂದು ಹೊರಗೆ ಕೇಳಬಾರದು, ಅಷ್ಟೇ."

ಸಂಜೆ ನಾಲ್ಕಕ್ಕೆ ಅವರು ಲಕ್ಕಿಯ ಮನೆಯಲ್ಲಿದ್ದಾರೆ. ಇರುವುದು ಒಂದೇ ಕೋಣೆ. ತಿಮ್ಮಕ್ಕ ಬಾಗಿಲಿಗೆ ಬೆನ್ನು ಕೊಟ್ಟು, ಸ್ಪರ್ಶವಿಲ್ಲದ ಕಾಲನ್ನು ಚಾಚಿ ಕೂತಿದ್ದಾರೆ.

"ಅಕ್ಕ, ಒಂಚೂರು ಹೊರಗೆ ಕೂತ್ಕೊಳ್ತ್ಯಾ? ಲಕ್ಕಿ ಹತ್ರ ಸೊಂಟ ನೋವಿಂದು ಕೇಳೂದದೆ."

"ನನ್ನ ಮನೇಲಿ ನಾ ಎಲ್ಲಿಗೆ ಹೋಗೂದು? ಕೇಳು. ನಾ ಕಿವಿ ಮುಚ್ಕೊಳ್ತೆ." ಕಿವಿ ಮುಚ್ಚಿಕೊಳ್ಳುವುದಿಲ್ಲ.

"ನಿನಗಾದದ್ದು ಅವಳಿಗೆ ಆಗೂದು ಬೇಡ ಅಂತ ಅಲ್ವೆ ಅಕ್ಕ ನಾ ಬಂದದ್ದು."

"ನನ್ನ ಕಾಲಂತೂ ಹೋತು. ಈಗ ಈ ಮನೆಗೆ ಇರೂದು ಅವಳ ಕಾಲೇ. ಅದನ್ನೂ ನಿನ್ನ ಟ್ಯಾಬಿಗೆ ಕೊಟ್ರೆ ಉಣ್ಣೂದು ಎಂತ? ಹಸಿರು ಬಣ್ಣ?"

ಗಂಗಾ ಟ್ಯಾಬ್ ತೆರೆಯುತ್ತಾರೆ. ಲಕ್ಕಿಯ ಕಡೆ ತಿರುಗಿ ಪ್ರಶ್ನೆ ಓದುತ್ತಾರೆ. ಕಾಲಿನಲ್ಲಿ ಮರಗಟ್ಟಿದ ಹಾಗೆ ಆಗುತ್ತದೆಯೇ? ಲಕ್ಕಿ ಅತ್ತೆಯ ಮುಖ ನೋಡುತ್ತಾರೆ. ಎಡಗಾಲನ್ನು ಸೀರೆಯ ಒಳಗೆ ಎಳೆದುಕೊಳ್ಳುತ್ತಾರೆ.

"ಇಲ್ಲ ಗಂಗಕ್ಕ. ಎಲ್ಲ ಗೊತ್ತಾಗ್ತದೆ."

"ಬೆಳಿಗ್ಗೆ ನಾ ನೋಡಿದೆ, ಹೆಣ್ಣೆ. ಗುರುವಾರ ಬೆಳಿಗ್ಗೆ ಡಾಕ್ಟ್ರು ಆಸ್ಪತ್ರೆಗೆ ಬತ್ರು. ಒಂದ್ಸಲ ಕಾಲು ತೋರ್ಸಿ ಹೋಗು. ಯಾರಿಗೂ ಗೊತ್ತಾಗೂದಿಲ್ಲ."

"ಗುರುವಾರ ಇಳಿತ ಬೆಳಿಗ್ಗೇನೇ," ಎನ್ನುತ್ತಾರೆ ತಿಮ್ಮಕ್ಕ, ಬಾಗಿಲಿನಿಂದಲೇ.

ಕಂಡದ್ದನ್ನು ಬರೆಯಲು ಆ್ಯಪಿನಲ್ಲಿ ಜಾಗವಿಲ್ಲ. ಹೇಳಿದ್ದನ್ನು ಒತ್ತಲು ಮಾತ್ರ ಇದೆ. ಗಂಗಾ 'ಇಲ್ಲ' ಒತ್ತುತ್ತಾರೆ. ಹಸಿರು ಬರುತ್ತದೆ. ಹೊರಗೆ ಬಂದು ಡಾ. ಗುರುದತ್ತರಿಗೆ ಫೋನ್ ಮಾಡಿ ಕಂಡದ್ದನ್ನು ಹೇಳುತ್ತಾರೆ. ಬಂದರೆ ಖಂಡಿತ ನೋಡುತ್ತೇನೆ ಎನ್ನುತ್ತಾರೆ ಡಾಕ್ಟರು.

ಗುರುವಾರ ದೋಣಿ ಬೆಳಿಗ್ಗೆ ಎಂಟಕ್ಕೆ ದಕ್ಕೆ ಬಿಟ್ಟಿತು. ಎಂಟು ಜನರಿದ್ದರು. ಲಕ್ಕಿ ಎಲ್ಲರಿಗಿಂತ ಮೊದಲು ಬಂದು, ಯಾರೂ ಇಲ್ಲದಾಗಲೇ ಹತ್ತಿ ಕೂತಿದ್ದರು.