ಎರಡನೇ ಭಾಗದಲ್ಲಿ ನಾಯಕನಿಗೆ ಹಸಿವಾಗುತ್ತದೆ

ವಿಡಿಯೋ ಗೇಮ್ ವಿಷಯದಲ್ಲಿ ನನ್ನ ಮಾತಿಗೆ ಎದುರಾಡುವವರು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲ. ಅಲ್ಲಿ ಬೇರೆ ಯಾರೂ ಆಡುವುದಿಲ್ಲ ಎಂಬುದು ಒಂದು ಕಾರಣ. ನನಗೆ ನಿಜವಾಗಿಯೂ ಗೊತ್ತು ಎಂಬುದು ಇನ್ನೊಂದು. ವಿದ್ಯಾನಗರದಲ್ಲಿ ಹಗಲೆಲ್ಲ ಭೌತಶಾಸ್ತ್ರ ಕಲಿಸಿ, ಸಂಜೆ ಬೈರಿದೇವರಕೊಪ್ಪದ ಮನೆಗೆ ಬಂದು ಟಿವಿಯ ಮುಂದೆ ಕತ್ತಿ ಹಿಡಿಯುವ ನಡುವಯಸ್ಸಿನ ಹೆಂಗಸು ನಾನು. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ನನಗೆ ಕಂಡಿಲ್ಲ.

ಮಾಂತ್ರಿಕರು, ರಾಕ್ಷಸರು, ಹಾಳುಬಿದ್ದ ಕೋಟೆಗಳ ಆ ಆಟದ ಮೊದಲ ಭಾಗವನ್ನು ಮುಗಿಸಿ ಎರಡನೆಯದಕ್ಕಾಗಿ ಕಾದಿದ್ದೆ. ಬಂತು. ಒಳ್ಳೆಯದನ್ನು ಮೊದಲು ಹೇಳಬೇಕು. ದೂರದಲ್ಲಿ ಗುಡ್ಡ ಕಂಡರೆ ಅದನ್ನು ಹತ್ತಬಹುದು. ಬೇಲಿಯಿಲ್ಲ, ಬಾಗಿಲಿಲ್ಲ, ಕೇಳುವವರಿಲ್ಲ. ಊರಿನ ಜನ ನಮಗಾಗಿ ಕಾದು ನಿಂತಿರುವುದಿಲ್ಲ. ಕಮ್ಮಾರ ಸಂಜೆ ಅಂಗಡಿ ಮುಚ್ಚುತ್ತಾನೆ, ನೀವು ಯಾವ ಸೀಮೆಯ ವೀರರಾದರೂ ಸರಿ. ಮೊದಲ ಭಾಗದಲ್ಲಿ ಇಂಥ ಜೀವ ಇರಲಿಲ್ಲ.

ಇನ್ನು ಕೆಟ್ಟದ್ದು. ಕುದುರೆ ಮೊಣಕಾಲೆತ್ತರದ ಕಲ್ಲಿಗೆ ಸಿಕ್ಕಿಕೊಂಡರೆ ಅಲ್ಲೇ ಓಡುತ್ತಿರುತ್ತದೆ. ರಾಜ್ಯ ಮುಳುಗುತ್ತಿದೆ, ಲಗುಬಗೆಯಿಂದ ಬಾ ಎಂದು ರಾಣಿ ಅಳುತ್ತಾಳೆ. ನಾವು ತಿಂಗಳುಗಟ್ಟಲೆ ಅಣಬೆ ಕೀಳುತ್ತ ತಿರುಗಿದರೂ ಅದು ಮುಳುಗುವುದಿಲ್ಲ. ಎಲ್ಲಕ್ಕಿಂತ ತಲೆ ಕೆಡಿಸುವುದು ಊಟ. ಈ ಭಾಗದಲ್ಲಿ ನಾಯಕನಿಗೆ ಹಸಿವಾಗುತ್ತದೆ. ಉಣಿಸದಿದ್ದರೆ ತೂರಾಡಿ ಬೀಳುತ್ತಾನೆ. ಉಣಿಸಬೇಕೆಂದರೆ ಅವನು ಕಟ್ಟಿಗೆ ಕೂಡಿಸಬೇಕು, ಬೆಂಕಿ ಹಚ್ಚಬೇಕು, ಬೇಯಿಸಬೇಕು, ಕೂತು ನಿಧಾನವಾಗಿ ಉಣ್ಣಬೇಕು. ಅಷ್ಟು ಹೊತ್ತೂ ಯಾವ ಗುಂಡಿ ಒತ್ತಿದರೂ ಉಪಯೋಗವಿಲ್ಲ. ಇದನ್ನು ಮಾಡಿದವನನ್ನು ಹಿಡಿದು ಒಲೆ ಮುಂದೆ ಕೂರಿಸಬೇಕು ಅನ್ನಿಸಿತ್ತು.

ಆ ಸುಗ್ಗಿಯಲ್ಲಿ ಗಂಡ ಹತ್ತಿ ಖರೀದಿಗೆ ಊರೂರು ತಿರುಗುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಗೆ ಕರುಳಿನ ಆಪರೇಷನ್ ಆಗಿತ್ತು. ಗಾಯ ಮಾಯ್ದರೂ ಅನ್ನ ಸೇರಲಿಲ್ಲ. ಬಂದವರಿಗೆಲ್ಲ ಬಡಿಸಿ ಕೊನೆಗೆ ತಾನು ಕೂರುತ್ತಿದ್ದ ಹೆಂಗಸು ಈಗ ಗಂಜಿಯ ಬಟ್ಟಲು ಕಂಡರೆ ಮುಖ ತಿರುಗಿಸುತ್ತಿದ್ದರು. ತೂಕ ಹೀಗೇ ಇಳಿದರೆ ಮೂಗಿನಿಂದ ನಳಿಗೆ ಹಾಕಿ ಉಣಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು.

ಬೆಳಗ್ಗೆ ನಸುಕಿನಲ್ಲಿ ಎದ್ದು ಅವರ ಔಷಧ, ಅಡುಗೆ, ಕಾಲೇಜು, ಮತ್ತೆ ಅಡುಗೆ. ಸಂಜೆ ಅವರ ಮಂಚದ ಪಕ್ಕ ಕೂತು ಆಡುವುದೊಂದೇ ನನ್ನ ಬಿಡುವು. ಅವರೂ ನೋಡುತ್ತಿದ್ದರು. ನಾಯಕ ಯಾರದೋ ಮನೆಗೆ ನುಗ್ಗಿದರೆ, "ಕರೀದ ಒಳಗ ಹೊಕ್ಕಾನಲ್ಲ, ಯಾರ ಮಗಾ ಇಂವ?" ಎಂದು ಬೈಯುತ್ತಿದ್ದರು.

ಒಂದು ಸಂಜೆ ಅವನು ಹಸಿದು ತೂರಾಡತೊಡಗಿದ. ಅತ್ತೆ ಎದ್ದು ಕೂತರು. "ಮೊದಲ ಅಂವಗ ಉಣ್ಣಾಕ ಹಾಕವಾ. ಹಸದಾನ ಪಾಪ."

ಬೆಂಕಿ ಹಚ್ಚಿಸಿದೆ. ಅವನು ಬೇಯಿಸುತ್ತ ಕೂತ. ಮಾಡಲು ಬೇರೆ ಕೆಲಸವಿಲ್ಲದೆ ನಾನೂ ಗಂಗಾಳದಲ್ಲಿ ಒಂದು ರೊಟ್ಟಿ, ಪಲ್ಯ ಹಾಕಿಕೊಂಡು ಬಂದೆ. ನೋಡಿದರೆ ಅತ್ತೆ ಬಟ್ಟಲು ಕೈಗೆತ್ತಿಕೊಂಡಿದ್ದರು! ಅರ್ಧ ಬಟ್ಟಲು ಗಂಜಿ ಹೊಟ್ಟೆಗೆ ಹೋಯಿತು. ನನಗೆ ಗುಟ್ಟು ಸಿಕ್ಕಿತ್ತು. ಎದುರಿಗೆ ಹಸಿದವನೊಬ್ಬನಿದ್ದರೆ ಈ ಮುದುಕಿಗೆ ತುತ್ತು ಇಳಿಯುವುದಿಲ್ಲ. ಅವನು ಉಂಡರೆ ತಾನೂ ಉಣ್ಣುತ್ತಾಳೆ. ಅಂದಿನಿಂದ ದಿನಾ ಸಂಜೆ ಅವನನ್ನು ಬೇಕೆಂದೇ ಹಸಿಯಲು ಬಿಟ್ಟು, ಆಮೇಲೆ ಉಣಿಸುತ್ತಿದ್ದೆ. ಅವನು ಉಣ್ಣುವಾಗ ನಾನೂ ಒಂದು ರೊಟ್ಟಿ ಮುರಿಯುತ್ತಿದ್ದೆ. ನನ್ನ ಜಾಣತನವನ್ನು ಗಂಡನಿಗೆ ಫೋನಿನಲ್ಲಿ ಹೇಳಿಕೊಂಡು ಬೀಗಿದ್ದೂ ಉಂಟು.

ಡಾಕ್ಟರ ಬಳಿಗೆ ಹೋಗುವ ದಿನ ಹತ್ತಿರ ಬಂದಿತ್ತು. ಆ ಹೊತ್ತಿಗೆ ಸರಿಯಾಗಿ ಆಟ ತಯಾರಿಸಿದವರು ಅಪ್‌ಡೇಟ್ ಕಳಿಸಿದರು. ನನ್ನಂಥವರ ಬೈಗುಳ ಅವರಿಗೆ ಮುಟ್ಟಿರಬೇಕು; ಇನ್ನು ಮೇಲೆ ಒಂದು ಗುಂಡಿ ಒತ್ತಿದರೆ ಊಟ ಮುಗಿಯಿತು. ಎಂಥ ಸುಧಾರಣೆ! ಗುಂಡಿ ಒತ್ತಿದೆ, ಅವನ ಹೊಟ್ಟೆ ತುಂಬಿತು, ಕೋಟೆಯ ಕಡೆಗೆ ಓಡಿಸಿದೆ. ಅತ್ತೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಅಂವ ಉಂಡನಲ್ಲ ಅತ್ತಿ, ನೋಡ್ರಿಲ್ಲೆ, ಹೊಟ್ಟಿ ಪೂರಾ ತುಂಬೇತಿ. ನೀವೂ ಉಣ್ರಿ," ಎಂದೆ. ಅವರು ಬಟ್ಟಲನ್ನು ಇನ್ನಷ್ಟು ದೂರ ತಳ್ಳಿದರು. ಕೋಪವೂ ಹೆದರಿಕೆಯೂ ಒಟ್ಟಿಗೇ ಬಂದವು. "ನಳಗಿ ಹಾಕತಾರ್ರಿ ಅತ್ತಿ! ಅದ ಬೇಕೇನು ನಿಮಗ?" ಎಂದು ಕೂಗಿಬಿಟ್ಟೆ.

ಅವರು ನನ್ನನ್ನು ನೋಡಿದ ರೀತಿಯಲ್ಲಿ ಬೇನೆಯವರ ದೈನ್ಯವೇನೂ ಇರಲಿಲ್ಲ.

"ಆಟದಾಗಿನವಗ ಹೊಟ್ಟಿ ಎಲ್ಲಿಂದ ಬರತೈತಿ? ನನಗ ಅಷ್ಟೂ ತಿಳಿಯಂಗಿಲ್ಲೇನು?"

"ಮತ್ತ ದಿನಾ ಅಂವಗ ಹಾಕು ಅಂತಿದ್ರಿ?"

"ಅಂವ ಉಣ್ಣಾಕ ಕುಂತರಷ್ಟ ನಿನ್ನ ಕೈ ಖಾಲಿ ಆಗತಿದ್ವು. ಆಗಷ್ಟ ನೀ ಗಂಗಾಳ ಮುಟ್ಟತಿದ್ದಿ. ನಾ ಮಲಗಿದಾಗಿಂದ ನೀ ಕುಂತು ಉಂಡಿದ್ದು ನಾ ಕಂಡಿಲ್ಲ. ಕೇಳಿದ್ರ ಕಾಲೇಜಿನಾಗ ಉಂಡೇನಿ ಅಂತಿ. ನಿನ್ನ ಮಾರಿ ನೋಡಕೊಂಡಿಯೇನು? ಹಸದ ಕುಂತಾಕಿ ಮುಂದ ನಾ ಹ್ಯಾಂಗ ಉಣ್ಣಲಿ?"

ಕಾಲೇಜಿನಲ್ಲಿ ನಾನು ಉಣ್ಣುತ್ತಿದ್ದುದು ಒಂದು ಕಪ್ ಚಹಾ ಮಾತ್ರ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನನಗೆ ಅಳು ಬಂತು, ತಡೆಯಲಿಲ್ಲ.

ಕಂಟ್ರೋಲರ್ ಕೆಳಗಿಟ್ಟು ಒಳಗೆ ಹೋಗಿ ರೊಟ್ಟಿ ತಂದೆ. ನಾಯಕ ಕೋಟೆಯ ಬಾಗಿಲಲ್ಲಿ ನಿಂತಿದ್ದ. ಯಾರೋ ಅವನನ್ನು ಹೊಡೆಯುತ್ತಿದ್ದರು. ಹೊಡೆಯಲಿ ಬಿಡು ಎಂದುಕೊಂಡೆ. ಬಟ್ಟಲು ಮುಂದೆ ಸರಿಸಿದೆ. ಅತ್ತೆ ಮುಟ್ಟಲಿಲ್ಲ. ನಾನು ಮೊದಲ ತುತ್ತು ಬಾಯಿಗಿಟ್ಟು, ಅಗಿದು, ನುಂಗುವವರೆಗೂ ನನ್ನ ಗಂಟಲನ್ನೇ ನೋಡುತ್ತಿದ್ದು, ಆಮೇಲೆ ಚಮಚ ಎತ್ತಿಕೊಂಡರು.