ಸ್ಟುಡಿಯೊಗೆ ಬಂದ ನೀರುನಾಯಿ

ಮಾನ್ವಿಯ ಬಸ್ ನಿಲ್ದಾಣದ ಎದುರು ಇದ್ದ ಸ್ಟುಡಿಯೊದವರು ಮದುವೆ ಫೋಟೊಗಳಲ್ಲಿ ಯಾರನ್ನೂ ಕಪ್ಪಾಗಿರಲು ಬಿಟ್ಟವರಲ್ಲ. ಮೌಸ್ ಹಿಡಿಯುವ ಮುಂಚೆ ಅಂಗೈಯನ್ನು ಅಂಗಿಗೆ ಒರೆಸಿಕೊಂಡು, "ತಡೀರಿ, ಮುಖ ಬರ್ಲಿ" ಎನ್ನುತ್ತಿದ್ದರು. ಮದುಮಗಳಿಂದ ಹಿಡಿದು ಹಿಂದೆ ನಿಂತ ಅಡುಗೆಯವರ ತನಕ ಎಲ್ಲರ ಮುಖವೂ ಬರುತ್ತಿತ್ತು.

ಒಮ್ಮೆ ಚೀಕಲಪರ್ವಿಯ ಹೊಳೆದಂಡೆಯಲ್ಲಿ ತೆಗೆದ ನೀರುನಾಯಿಯ ಫೋಟೊ ಒಯ್ದಿದ್ದೆ. ಮುಳುಗುವ ಸೂರ್ಯನಿಗೆ ಎದುರಾಗಿ ತೆಗೆದದ್ದು. ಹೊಳೆಯೆಲ್ಲ ಬಂಗಾರ, ಬಂಡೆಯ ಮೇಲಿನ ಪ್ರಾಣಿ ಮಾತ್ರ ಇದ್ದಿಲಿನ ಮುದ್ದೆ.

"ಕೆಟ್ಟು ಹೋಗ್ಯದ ಬಿಡ್ರಿ" ಎಂದೆ.

"ತಡೀರಿ, ಮುಖ ಬರ್ಲಿ."

ಅವರು ಕಪ್ಪನ್ನು ಸ್ವಲ್ಪ ಸ್ವಲ್ಪವೇ ತಿಳಿಯಾಗಿಸಿದರು. ಮೊದಲು ಮೀಸೆ ಬಂತು, ಆಮೇಲೆ ನಮ್ಮನ್ನೇ ನೋಡುವ ಒಂದು ಕಣ್ಣು. ಇನ್ನಷ್ಟು ಬೆಳಕು ಕೊಟ್ಟಾಗ, ಅದರ ಹೊಟ್ಟೆಯ ಕೆಳಗಿನ ಕತ್ತಲಲ್ಲಿ ಎರಡು ಮರಿಗಳು ಒಂದರ ಮೇಲೊಂದು ತಲೆಯಿಟ್ಟು ಮಲಗಿದ್ದವು. ಫೋಟೊ ತೆಗೆದ ನನಗೇ ಅವು ಕಂಡಿರಲಿಲ್ಲ.

ಸ್ಟುಡಿಯೊದವರು ಮೌಸಿನಿಂದ ಕೈ ತೆಗೆದರು. ಎದ್ದು ಹೋಗಿ, ಬಸ್ಸುಗಳ ಹಾರ್ನ್ ಒಳಗೆ ಬರದಂತೆ ಬಾಗಿಲು ಮುಚ್ಚಿ ಬಂದರು.

"ಎಷ್ಟು ಚಂದ ಮುಚ್ಚಿಟ್ಟೀ ಯವ್ವಾ" ಎಂದು ಪರದೆಯ ಮುಂದೆ ಪಿಸುಗುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಇಕಿ ಮುಚ್ಚಿಟ್ಟಿದ್ದನ್ನ ನಾವು ಊರಿಗೆ ತೋರ್ಸೋದು ಬ್ಯಾಡ್ರಿ" ಎಂದರು.

ಕಣ್ಣೊಂದನ್ನು ಉಳಿಸಿ, ಕೊಟ್ಟ ಬೆಳಕನ್ನೆಲ್ಲ ಹಿಂದಕ್ಕೆ ತೆಗೆದುಕೊಂಡರು.

ಆ ಫೋಟೊ ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ಬಂದವರು, "ಇದ್ಯಾಕ್ರೀ ಇಷ್ಟು ಕಪ್ಪು ಬಂದದ?" ಎಂದು ಕೇಳುತ್ತಾರೆ.

"ಮೆಲ್ಲಗ ಮಾತಾಡ್ರಿ" ಎನ್ನುತ್ತೇನೆ.